1951ರ ಶೆವ್ರೊಲೆ ಪಿಕಪ್ಪನ್ನು ಮನೆಯಲ್ಲೇ ಮತ್ತೆ ಓಡಿಸಿದ್ದು

ನಮ್ಮ ಮನೆಯ ಶೆಡ್ಡಿನಲ್ಲಿ ಒಂದು ಶೆವ್ರೊಲೆ 3100 ಇದೆ. ಅರ್ಧ ಟನ್ ಹೊರೆಯ ವರ್ಗದ ಹಳೇ ಪಿಕಪ್ ಟ್ರಕ್. ಅದು ಬಂದಾಗ ಇಂಜಿನ್ ಸಿಕ್ಕಿಕೊಂಡಿತ್ತು, ಕ್ಯಾಬಿನ ನೆಲ ತುಕ್ಕು ತಿಂದು ಹೋಗಿತ್ತು, ಯಾವ ವರ್ಷದ್ದು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹಾಗಾಗಿ ಪಾನಾ ಹಿಡಿಯುವ ಮೊದಲು ಗಾಡಿಯ ಗುರುತು ಹಿಡಿಯಬೇಕಾಯಿತು.

ಈ ಸರಣಿಗೆ ಶೆವ್ರೊಲೆ ಇಟ್ಟ ಹೆಸರು ಅಡ್ವಾನ್ಸ್ ಡಿಸೈನ್. 1947ರಲ್ಲಿ ಶುರುವಾಗಿ 1955ರವರೆಗೆ ಬಂತು. ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ. ಹತ್ತಿರ ಹೋದರೆ ವ್ಯತ್ಯಾಸ ಕಾಣುತ್ತದೆ. 1949ರಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನೊಳಗೆ, ಸೀಟಿನ ಹಿಂದಕ್ಕೆ ಬಂತು. 1951ರಲ್ಲಿ ಬಾಗಿಲಿಗೆ ಪುಟ್ಟ ತ್ರಿಕೋನದ ವೆಂಟ್ ಗಾಜು ಬಂತು, ಬ್ರೇಕು ಬೆಂಡಿಕ್ಸ್ ಕಂಪನಿಯ ಮಾದರಿಗೆ ಬದಲಾಯಿತು. 1952ರಲ್ಲಿ ಬಾಗಿಲಿನ ತಿರುಗಿಸುವ ಹಿಡಿ ಹೋಗಿ ಒತ್ತುವ ಗುಂಡಿ ಬಂತು. ನಮ್ಮದಕ್ಕೆ ವೆಂಟ್ ಗಾಜೂ ಇದೆ, ತಿರುಗಿಸುವ ಹಿಡಿಯೂ ಇದೆ. ಬಾಗಿಲ ಕಂಬದ ತಟ್ಟೆಯನ್ನು ಸೀಮೆಎಣ್ಣೆಯಲ್ಲಿ ಒರೆಸಿದಾಗ ಸೀರಿಯಲ್ ನಂಬರಿನಲ್ಲಿ ‘ಜೆಪಿ’ ಎಂಬ ಅಕ್ಷರಗಳು ಕಂಡವು. ಅದು 1951ರ ಅರ್ಧ ಟನ್ನಿನ ಗುರುತು. ಅಲ್ಲಿಗೆ ವಾದ ಮುಗಿಯಿತು.

ಇದೇನೂ ಸುಮ್ನೆ ಕುತೂಹಲಕ್ಕೆ ಮಾಡಿದ್ದಲ್ಲ. 1950ರ ಬ್ರೇಕಿನ ಸಾಮಾನು 1951ರ ಗಾಡಿಗೆ ಆಗುವುದಿಲ್ಲ. ವರ್ಷ ಗೊತ್ತಿಲ್ಲದೆ ಸಾಮಾನು ತರಿಸಿದರೆ ಅರ್ಧ ವಾಪಸ್ಸು ಕಳಿಸಬೇಕಾಗುತ್ತದೆ.

ಆಗಲೇ ನೋಡಲು ಬಂದವರೆಲ್ಲ ಸಲಹೆ ಕೊಡಲು ಶುರು ಮಾಡಿದರು. ಹಳೇ ಇಂಜಿನ್ ಕಿತ್ತು ಎಂಟು ಸಿಲಿಂಡರಿನ ವಿ8 ಕೂರಿಸು. ಆರು ವೋಲ್ಟ್ ಬಿಟ್ಟು ಹನ್ನೆರಡು ಮಾಡು. ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕು. ದಿನಾ ಹೆದ್ದಾರಿಯಲ್ಲಿ ಓಡಿಸುವವರಿಗೆ ಇವೆಲ್ಲ ಒಳ್ಳೆಯ ಸಲಹೆಗಳೇ. ಆದರೆ ನನಗೆ ಬೇಕಾಗಿದ್ದು ಈ ಟ್ರಕ್ಕು. ಅದನ್ನು ಮಾಡಿದವರು ಅದು ಹೇಗೆ ಓಡಬೇಕು ಅಂದುಕೊಂಡಿದ್ದರೋ ಹಾಗೇ ಓಡಬೇಕು. ಅದಕ್ಕೊಂದು ನಿಯಮ ಹಾಕಿಕೊಂಡೆ: ಯಾವ ಭಾಗವನ್ನೇ ಆಗಲಿ, ಅದನ್ನು ಯಾಕೆ ಹಾಗೆ ಮಾಡಿದ್ದಾರೆ ಅಂತ ಅರ್ಥವಾಗುವ ತನಕ ಬದಲಾಯಿಸುವುದಿಲ್ಲ. ಮುಂದೆ ನಡೆದದ್ದೆಲ್ಲ ಈ ನಿಯಮದ ಮೇಲೆಯೇ.

ಬಿಚ್ಚುವ ಕೆಲಸದ ಬಗ್ಗೆ ಹೇಳುವುದು ಕಮ್ಮಿ. ಪ್ರತಿ ಭಾಗ ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಚೀಲ, ಚೀಲಕ್ಕೆ ಚೀಟಿ. ದೊಡ್ಡ ಬೋಲ್ಟುಗಳನ್ನು ಅವು ಇದ್ದ ತೂತಿಗೇ ಎರಡು ಸುತ್ತು ತಿರುಗಿಸಿ ಬಿಡುತ್ತಿದ್ದೆ. ಆಗ ಯಾವುದು ಎಲ್ಲಿಯದು ಎಂಬ ಪ್ರಶ್ನೆಯೇ ಬರುವುದಿಲ್ಲ. ಎಲ್ಲ ನಟ್ಟೂ ಇಂಚಿನ ಅಳತೆಯವು. ಮಿಲಿಮೀಟರ್ ಪಾನಾ ಹತ್ತಿರವೂ ತರಬಾರದು, ಮೂಲೆ ಸವೆಯುತ್ತದೆ. ಕ್ಯಾಬಿನ ಕೆಲವು ಸ್ಕ್ರೂಗಳ ತಲೆಯಲ್ಲಿ ಎರಡು ತ್ರಿಕೋನಗಳ ತುದಿ ಸೇರಿಸಿದ ಹಾಗಿರುವ ಗುಂಡಿ ಇರುತ್ತದೆ. ಕ್ಲಚ್ ಹೆಡ್ ಅನ್ನುತ್ತಾರೆ. ಇದಕ್ಕೆ ಅದರದೇ ಬಿಟ್ ಬೇಕು. ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ತಲೆ ಕೆಟ್ಟು, ಆಮೇಲೆ ಡ್ರಿಲ್ ಮಾಡಿಯೇ ತೆಗೆಯಬೇಕು.

ಈಗ ಇಂಜಿನ್. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ ಇದೇ.

ಸಾಲಾಗಿ ಆರು ಸಿಲಿಂಡರ್, 216 ಘನ ಇಂಚು. ನಮ್ಮ ಲೆಕ್ಕದಲ್ಲಿ ಮೂರೂವರೆ ಲೀಟರ್. ಶಕ್ತಿ 90 ಅಶ್ವಶಕ್ತಿಯ ಆಸುಪಾಸು. ಈ ಇಂಜಿನ್‌ಗಳನ್ನು ಪ್ರೀತಿಯಿಂದ ‘ಸ್ಟೋವ್‌ಬೋಲ್ಟ್’ ಅಂತ ಕರೆಯುತ್ತಾರೆ. ನಮ್ಮದು ಎಷ್ಟೋ ವರ್ಷ ನಿಂತು ಪಿಸ್ಟನ್ನುಗಳು ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿದ್ದವು. ಇಂಥದ್ದನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದು, ಗೇರಿಗೆ ಹಾಕಿ ಬಿಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಾಡು ಬಗ್ಗಬಹುದು, ರಿಂಗು ಮುರಿಯಬಹುದು. ನಾನು ಪ್ಲಗ್ಗುಗಳನ್ನೆಲ್ಲ ತೆಗೆದು, ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಸಮಸಮ ಬೆರೆಸಿ ಪ್ರತಿ ಸಿಲಿಂಡರಿಗೂ ಸುರಿದೆ. ಎರಡೂ ಬೇಗ ಬೇರೆಯಾಗುತ್ತವೆ, ಆದ್ದರಿಂದ ಪ್ರತಿ ಸಲವೂ ಚೆನ್ನಾಗಿ ಕುಲುಕಿಯೇ ಹಾಕಬೇಕು. ಅಸಿಟೋನಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ, ಶೆಡ್ಡಿನ ಬಾಗಿಲು ತೆರೆದೇ ಇರಬೇಕು.

ಆಮೇಲೆ ಕಾಯುವುದು. ಇಳಿದಷ್ಟು ಮತ್ತೆ ತುಂಬುವುದು. ಕೆಳಗಿನ ಮುಚ್ಚಳ ತೆಗೆದರೆ ಇಂಜಿನ್ನಿನ ಹಿಂತುದಿಯ ದೊಡ್ಡ ಚಕ್ರದ, ಅಂದರೆ ಫ್ಲೈವೀಲ್‌ನ ಹಲ್ಲುಗಳು ಸಿಗುತ್ತವೆ. ಅಲ್ಲಿಗೆ ಸಲಾಕೆ ಕೊಟ್ಟು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಮೆಲ್ಲಗೆ ಒತ್ತುತ್ತಿದ್ದೆ. ಹಲವು ವಾರ ಏನೂ ಆಗಲಿಲ್ಲ. ಒಂದು ಸಂಜೆ ಫ್ಲೈವೀಲು ಒಂದು ಹಲ್ಲಿನಷ್ಟು ಜರುಗಿತು. ಆಗ ಆದ ಸಂತೋಷ ಹೇಳಲು ಬರುವುದಿಲ್ಲ. ಆದರೂ ಅವತ್ತು ಇನ್ನಷ್ಟು ಬಲ ಹಾಕಲಿಲ್ಲ. ಮತ್ತೆ ಎಣ್ಣೆ ಹಾಕಿ ಬಿಟ್ಟೆ. ಮುಂದಿನ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಜಾಸ್ತಿಯಾಗಿ, ಕೊನೆಗೆ ಪೂರ್ತಿ ಸುತ್ತಿತು.

ಹೆಡ್ಡು ತೆಗೆದು, ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಇಳಿಸಿದ ಮೇಲೆ ಈ ಇಂಜಿನ್ನಿನ ನಿಜವಾದ ವಿಶೇಷ ಕಂಡಿತು. ಇವತ್ತಿನ ಇಂಜಿನ್‌ಗಳಲ್ಲಿ ಪಂಪು ಎಣ್ಣೆಯನ್ನು ಒತ್ತಡದಲ್ಲಿ ಪ್ರತಿ ಬೇರಿಂಗಿಗೂ ಕಳಿಸುತ್ತದೆ. ಇದರಲ್ಲಿ ಹಾಗಲ್ಲ. ಮೇನ್ ಬೇರಿಂಗು, ಕ್ಯಾಮ್‌ಶಾಫ್ಟು, ಮೇಲಿನ ರಾಕರುಗಳಿಗೆ ಮಾತ್ರ ಪಂಪಿನ ಎಣ್ಣೆ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ ಬೇರೆ ಏರ್ಪಾಡು. ಚೇಂಬರಿನಲ್ಲಿ ಪ್ರತಿ ರಾಡಿನ ಕೆಳಗೂ ಒಂದು ಪುಟ್ಟ ತೊಟ್ಟಿ. ರಾಡಿನ ಟೋಪಿಯ ಕೆಳಗೆ ಸೌಟಿನಂಥ ಒಂದು ಬಾಗು. ರಾಡು ಕೆಳಕ್ಕೆ ಬಂದಾಗಲೆಲ್ಲ ಅದು ತೊಟ್ಟಿಯಿಂದ ಎಣ್ಣೆ ಗೋರಿಕೊಂಡು ಬೇರಿಂಗಿಗೆ ಕೊಡುತ್ತದೆ. ಇಂಜಿನ್ ವೇಗ ಹೆಚ್ಚಿದಾಗ ಪಕ್ಕದ ನಳಿಕೆಗಳಿಂದ ಚಿಮ್ಮುವ ಎಣ್ಣೆಯ ಧಾರೆ ನೇರವಾಗಿ ಆ ಸೌಟಿಗೇ ಬಡಿಯುತ್ತದೆ. ಎಷ್ಟು ಚೆಂದದ ಲೆಕ್ಕ ಅಲ್ವಾ?

ಚೆಂದ ಹೌದು, ಆದರೆ ಸೂಕ್ಷ್ಮ. ತೊಟ್ಟಿಯ ಎತ್ತರ, ನಳಿಕೆಯ ಗುರಿ ಎರಡೂ ಸರಿಯಾಗಿರಬೇಕು. ಚೇಂಬರಿಗೆ ಕೆಳಗಿನಿಂದ ಪೆಟ್ಟು ಬಿದ್ದು ತಗ್ಗಾಗಿದ್ದರೆ, ಅಥವಾ ನಳಿಕೆ ಚೂರು ಬಗ್ಗಿದ್ದರೆ, ಒಂದು ರಾಡು ಎಣ್ಣೆಯಿಲ್ಲದೆ ಸಾಯುತ್ತದೆ. ರಾಡನ್ನು ಮತ್ತೆ ಹಾಕುವಾಗ ಸೌಟಿನ ಬಾಯಿ ಕ್ಯಾಮ್‌ಶಾಫ್ಟಿನ ಕಡೆಗೇ ಇರಬೇಕು. ಟೋಪಿ ತಿರುಗಿ ಕೂತರೆ ಅದು ಎಣ್ಣೆ ಗೋರುವುದೇ ಇಲ್ಲ. ನಾನು ನಳಿಕೆಗಳಿಗೆ ತೆಳ್ಳನೆ ತಂತಿ ತೂರಿಸಿ, ಒಳಗೆ ಗಟ್ಟಿಯಾಗಿದ್ದ ಕಪ್ಪು ಜಿಡ್ಡನ್ನು ತೆಗೆದೆ. ಆ ಜಿಡ್ಡು ನೋಡಿದ ಮೇಲೆ, ಹೊರಗಿನಿಂದ ಬಣ್ಣ ಬಳಿದು ಸ್ಟಾರ್ಟ್ ಮಾಡುವವರ ಬಗ್ಗೆ ನನಗೆ ಭಯವೇ ಆಯಿತು.

ರಾಡಿನ ಬೇರಿಂಗು ಕೂಡ ಈಗಿನ ಹಾಗೆ ಕಿತ್ತು ಬದಲಾಯಿಸುವ ಶೆಲ್ ಅಲ್ಲ. ಬ್ಯಾಬಿಟ್ ಎಂಬ ಮೆದು ಲೋಹವನ್ನು ರಾಡಿಗೇ ಎರಕ ಹೊಯ್ದಿರುತ್ತಾರೆ. ಅದು ಬಿರುಕು ಬಿಟ್ಟಿದ್ದರೆ ಮತ್ತೆ ಎರಕ ಹೊಯ್ದು, ಅಳತೆಗೆ ಕೊರೆಸಬೇಕು. ಆ ಕೆಲಸ ಬಲ್ಲವರು ಈಗ ಅಪರೂಪ. ನಮ್ಮದರಲ್ಲಿ ಬಿರುಕು ಇರಲಿಲ್ಲ, ಸವೆತ ಮಾತ್ರ. ಅದಕ್ಕೂ ಹಳಬರು ದಾರಿ ಇಟ್ಟಿದ್ದಾರೆ. ರಾಡಿಗೂ ಟೋಪಿಗೂ ನಡುವೆ ತೆಳ್ಳನೆಯ ಶಿಮ್‌ಗಳಿರುತ್ತವೆ. ಒಂದೊಂದು ಇಂಚಿನ ಸಾವಿರದ ಎರಡು ಭಾಗದಷ್ಟು ದಪ್ಪ. ಸವೆದಷ್ಟು ಶಿಮ್ ತೆಗೆದರೆ ಬೇರಿಂಗು ಮತ್ತೆ ಬಿಗಿಯಾಗುತ್ತದೆ. ಸಂದು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೆದು ಪ್ಲಾಸ್ಟಿಕ್ ಎಳೆ ಇಟ್ಟು ಬಿಗಿದು, ಬಿಚ್ಚಿ, ಅದು ಎಷ್ಟು ಅಗಲಕ್ಕೆ ಹರಡಿದೆ ಎಂದು ನೋಡಿ, ಶಿಮ್ ತೆಗೆದು, ಮತ್ತೆ ಬಿಗಿದು ಹೀಗೆ ಆರೂ ರಾಡುಗಳಿಗೆ ಮಾಡಿದೆ. ಬೆನ್ನು ನೋಯುವ ಕೆಲಸ. ಆದರೆ ದುರಸ್ತಿ ಮಾಡಿಕೊಳ್ಳಲಿ ಅಂತಲೇ ಮಾಡಿದ ಯಂತ್ರ ಇದು, ಮಾಡುವಾಗ ಅದು ಕೈಗೆ ತಿಳಿಯುತ್ತದೆ.

ಇಲ್ಲೇ ಇನ್ನೊಂದು ಮಾತು. ಈ ಟ್ರಕ್ಕಿನ ಆಯಿಲ್ ಪ್ರೆಶರ್ ಮೀಟರು ಚದರ ಇಂಚಿಗೆ 30 ಪೌಂಡಿಗೇ ಮುಗಿಯುತ್ತದೆ. ಆರೋಗ್ಯವಾಗಿರುವ ಇಂಜಿನ್ ಓಡುವಾಗ 14ರ ಆಸುಪಾಸು ತೋರಿಸುತ್ತದೆ, ಬಿಸಿಯಾಗಿ ಐಡಲ್‌ನಲ್ಲಿ ನಿಂತಾಗ ಇನ್ನೂ ಕೆಳಗೆ ಬರುತ್ತದೆ. ಹೊಸ ಗಾಡಿ ಓಡಿಸಿ ಅಭ್ಯಾಸ ಇರುವವರು ಇದನ್ನು ನೋಡಿ ಇಂಜಿನ್ ಹೋಯಿತು ಅಂದುಕೊಳ್ಳುತ್ತಾರೆ. ಹೋಗಿಲ್ಲ. ಅದರ ಲೆಕ್ಕವೇ ಅಷ್ಟು. ಎಣ್ಣೆಯ ಫಿಲ್ಟರು ಕೂಡ ಆಗ ಎಲ್ಲ ಗಾಡಿಗೂ ಬರುತ್ತಿರಲಿಲ್ಲ, ಬೇಕಾದವರು ಬೇರೆಯಾಗಿ ಹಾಕಿಸಿಕೊಳ್ಳುತ್ತಿದ್ದರು. ನಮ್ಮದಕ್ಕೆ ಇಲ್ಲ. ಹಾಗಾಗಿ ಎಣ್ಣೆಯನ್ನು ಬೇಗ ಬೇಗ ಬದಲಾಯಿಸುತ್ತೇನೆ.

ತಗಡಿನ ಕೆಲಸಕ್ಕೆ ಬರೋಣ. ಈ ಕ್ಯಾಬುಗಳು ತುಕ್ಕು ಹಿಡಿಯುವ ಜಾಗ ಗೊತ್ತಿರುವಂಥದ್ದೇ: ಹಿಂದಿನ ಕೆಳಮೂಲೆಗಳು, ಕಾಲಿಡುವ ಪಟ್ಟಿಯ ಹತ್ತಿರ, ನೆಲದ ಅಂಚು. ಧೂಳು ಒಳಗೆ ಸೇರಿ, ಒದ್ದೆಯಾಗಿ, ಅಲ್ಲೇ ಕೂತುಬಿಡುತ್ತದೆ. ಕತ್ತರಿಸುವ ಮೊದಲು ಬಾಗಿಲ ಸುತ್ತಲಿನ ಸಂದನ್ನು ಅಳೆದು ಬರೆದುಕೊಂಡೆ. ಬಾಗಿಲ ಚೌಕಟ್ಟಿಗೆ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಬೆಸೆದೆ. ನೆಲ ಕತ್ತರಿಸಿದಾಗ ಕ್ಯಾಬು ಜಗ್ಗಿಬಿಟ್ಟರೆ ಆಮೇಲೆ ಬಾಗಿಲು ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ಒಂದು ಕಡೆಯ ಕೆಲಸ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ ಮುಟ್ಟಿದೆ.

ತೇಪೆಗೆ ಮಿಗ್ ವೆಲ್ಡಿಂಗ್, 0.6 ಮಿಲಿಮೀಟರ್ ತಂತಿ. ತೆಳು ತಗಡಿಗೆ ಉದ್ದಕ್ಕೆ ಬೆಸುಗೆ ಎಳೆದರೆ ಶಾಖಕ್ಕೆ ಅಲೆಅಲೆಯಾಗುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು, ತಣ್ಣಗಾಗಲು ಬಿಟ್ಟು ನಡುವೆ ಮತ್ತೊಂದು. ಹೀಗೆ ಚುಕ್ಕೆಗಳೇ ಕೂಡಿ ಗೆರೆಯಾಗಬೇಕು. ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಮುಚ್ಚುವುದನ್ನು ಬಹಳ ಕಡೆ ನೋಡಿದ್ದೇನೆ. ನಮ್ಮ ಟ್ರಕ್ಕಿನ ಮೂಲೆಯಲ್ಲೂ ಯಾರೋ ಹಿಂದೆ ಬೆರಳು ದಪ್ಪದ ಪುಟ್ಟಿ ತುಂಬಿದ್ದರು. ಅದರ ಹಿಂದೆ ತಗಡೇ ಉಳಿದಿರಲಿಲ್ಲ.

ಸಣ್ಣ ಭಾಗಗಳ ತುಕ್ಕಿಗೆ ವಿದ್ಯುತ್ತಿನ ಉಪಾಯ ಬಹಳ ಒಳ್ಳೆಯದು. ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ವಾಷಿಂಗ್ ಸೋಡಾ ಕರಗಿಸಿ, ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ನೆಗೆಟಿವ್‌ಗೆ, ಬೇಡದ ಕಬ್ಬಿಣದ ಪಟ್ಟಿಯನ್ನು ಪಾಸಿಟಿವ್‌ಗೆ ಕೊಡುವುದು. ಎರಡೂ ಒಂದಕ್ಕೊಂದು ತಾಗಬಾರದು. ತುಕ್ಕು ಸಡಿಲವಾಗಿ ಕಪ್ಪು ಕೆಸರಿನ ಹಾಗೆ ಬ್ರಷ್ಷಿಗೆ ಬರುತ್ತದೆ, ಒಳ್ಳೆಯ ಲೋಹ ಹಾಗೇ ಉಳಿಯುತ್ತದೆ. ಎರಡು ಎಚ್ಚರಿಕೆ. ಹೈಡ್ರೋಜನ್ ಗ್ಯಾಸ್ ಬರುತ್ತದೆ, ಬಯಲಲ್ಲಿ ಇಟ್ಟೇ ಮಾಡಬೇಕು, ಕಿಡಿ ಹತ್ತಿರ ಸುಳಿಯಬಾರದು. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಯಾವತ್ತೂ ಬೇಡ, ಅದರಲ್ಲಿರುವ ಕ್ರೋಮಿಯಂ ನೀರಿಗೆ ಬಿಟ್ಟು ವಿಷವಾಗುತ್ತದೆ. ಬಾಗಿಲ ಕೀಲು, ಬಾನೆಟ್ಟಿನ ಹಿಡಿ, ಪೆಡಲುಗಳು ಎಲ್ಲ ಆ ಡ್ರಮ್ಮಿನಿಂದಲೇ ಹೊಸ ಜೀವ ಪಡೆದವು.

ಹಳೇ ಗಾಡಿಯ ಧೂಳಿನ ಬಗ್ಗೆ ಸಲುಗೆ ಬೇಡ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ, ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಬಣ್ಣವನ್ನು ಒದ್ದೆ ಮಾಡಿಯೇ ಉಜ್ಜಿದೆ. ಬ್ರೇಕ್ ಡ್ರಮ್ಮಿನೊಳಗೆ ಗಾಳಿ ಊದಲೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಕಟ್ಟಿ ಬೇರೆ ಇಟ್ಟೆ. ಮಕ್ಕಳು ಓಡಾಡುವ ಮನೆಯಲ್ಲಿ ಮಾಡುವ ಕೆಲಸ ಇದು.

ಬ್ರೇಕಿನ ವಿಷಯದಲ್ಲಿ ಮಾತ್ರ ಹಳೆಯದನ್ನು ಉಳಿಸುವ ಆಸೆ ಇಟ್ಟುಕೊಳ್ಳಲಿಲ್ಲ. ಬೆಂಡಿಕ್ಸ್ ಡ್ರಮ್ ಬ್ರೇಕು ಹಾಗೇ ಇದೆ, ಆದರೆ ಪೈಪು, ಹೋಸು, ವೀಲ್ ಸಿಲಿಂಡರು, ಲೈನಿಂಗು, ನೆಲದ ಕೆಳಗಿನ ಮಾಸ್ಟರ್ ಸಿಲಿಂಡರು ಎಲ್ಲ ಹೊಸದು. ಕಾರಣ ಇಷ್ಟೇ. ಈ ಗಾಡಿಗೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೇ ಹೋಗುತ್ತದೆ. ಪೈಪಿನ ತುದಿಗಳಿಗೆ ಡಬಲ್ ಫ್ಲೇರ್ ಮಾಡಿದೆ, ಅಂದರೆ ಅರಳಿಸಿದ ಅಂಚನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಿದೆ. ಸಿಂಗಲ್ ಫ್ಲೇರ್ ಬ್ರೇಕಿನ ಒತ್ತಡಕ್ಕೆ ಸೀಳಬಹುದು. ಸಾದಾ ತಾಮ್ರದ ಪೈಪು ಬಗ್ಗಿಸಲು ಸುಲಭ ಅಂತ ಹಾಕುವವರಿದ್ದಾರೆ. ಅದು ಅದುರಿ ಅದುರಿ ಬಿರುಕು ಬಿಡುತ್ತದೆ, ಬೇಡವೇ ಬೇಡ. ಹ್ಯಾಂಡ್‌ಬ್ರೇಕನ್ನೂ ಅಷ್ಟೇ ಶ್ರದ್ಧೆಯಿಂದ ಹೊಂದಿಸಿದೆ. ಬೇರೆಲ್ಲ ಹೋದಾಗ ಉಳಿಯುವುದು ಅದೊಂದೇ.

ಕರೆಂಟಿನ ವಿಷಯಕ್ಕೆ ಬಂದರೆ, ಆರು ವೋಲ್ಟ್ ಬಗ್ಗೆ ಕೇಳಿದಷ್ಟು ದೂರು ನಾನು ಬೇರೆ ಯಾವುದರ ಬಗ್ಗೆಯೂ ಕೇಳಿಲ್ಲ. ಲೈಟು ಮಂಕು, ಸ್ಟಾರ್ಟರು ಎಳೆಯುವುದಿಲ್ಲ, ಹನ್ನೆರಡು ಮಾಡಿಬಿಡಿ ಅಂತ. ಆದರೆ 1951ರಲ್ಲಿ ಹೊಸ ಟ್ರಕ್ಕು ಚಳಿಗಾಲದ ಬೆಳಗ್ಗೆಯೂ ಇದೇ ಆರು ವೋಲ್ಟಿನಲ್ಲಿ ಸ್ಟಾರ್ಟ್ ಆಗುತ್ತಿತ್ತು. ಹಾಗಾದರೆ ಈಗ ಯಾಕಿಲ್ಲ?

ಲೆಕ್ಕ ಸರಳ. 36 ವ್ಯಾಟಿನ ದೀಪಕ್ಕೆ ಹನ್ನೆರಡು ವೋಲ್ಟಿನಲ್ಲಿ 3 ಆಂಪಿಯರ್ ಸಾಕು, ಆರು ವೋಲ್ಟಿನಲ್ಲಿ 6 ಬೇಕು. ಅದೇ ಕೆಲಸಕ್ಕೆ ಎರಡರಷ್ಟು ಕರೆಂಟು. ವೈರು ಸಪೂರವಾಗಿದ್ದರೆ, ಜೋಡಣೆಯಲ್ಲಿ ತುಕ್ಕಿದ್ದರೆ, ದಾರಿಯಲ್ಲೇ ವೋಲ್ಟೇಜ್ ಕರಗಿಹೋಗುತ್ತದೆ. ಇರುವುದೇ ಆರು. ಅದರಲ್ಲಿ ಒಂದು ವೋಲ್ಟ್ ಕಳೆದರೆ ಉಳಿಯುವುದು ಐದು. ಹೆಚ್ಚಿನ ಗಾಡಿಗಳಲ್ಲಿ ಯಾರೋ ನಡುವೆ ಹನ್ನೆರಡು ವೋಲ್ಟ್ ಗಾಡಿಯ ಸಣ್ಣ ಬ್ಯಾಟರಿ ಕೇಬಲ್ ಹಾಕಿರುತ್ತಾರೆ. ನಮ್ಮದರಲ್ಲೂ ಅದೇ ಇತ್ತು. ನಾನು 2/0 ಗೇಜಿನ ದಪ್ಪ ತಾಮ್ರದ ಕೇಬಲ್ ಹಾಕಿದೆ. ಇಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಬೇರೆಯೇ ಅರ್ತ್ ಪಟ್ಟಿ ಬೇಕು, ಅದನ್ನೂ ಕೊಟ್ಟೆ. ಅರ್ತ್ ಕೂರುವ ಪ್ರತಿ ಜಾಗದಲ್ಲೂ ಬಣ್ಣ ಕೆರೆದು ಬರಿಯ ಲೋಹ ಮಾಡಿದೆ. ಈಗ ಸ್ಟಾರ್ಟರು ಗಟ್ಟಿಯಾಗಿ ಎಳೆಯುತ್ತದೆ. ರಾತ್ರಿ ಲೈಟು ಹಳದಿಯಾದರೂ ರಸ್ತೆ ಚೆನ್ನಾಗಿ ಕಾಣುತ್ತದೆ.

ಡೈನಮೋ ಬಿಚ್ಚಿ ಹಾಕಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಮರೆಯಬಾರದ ಒಂದು ಸಣ್ಣ ಕೆಲಸವಿದೆ. ರೆಗ್ಯುಲೇಟರಿನ ಬ್ಯಾಟರಿ ತುದಿಯನ್ನೂ ಡೈನಮೋ ತುದಿಯನ್ನೂ ಒಂದು ವೈರಿನಲ್ಲಿ ಕ್ಷಣಮಾತ್ರ ತಾಗಿಸಿ ಬಿಡಬೇಕು. ಒಳಗಿನ ಕಬ್ಬಿಣಕ್ಕೆ ಸರಿಯಾದ ದಿಕ್ಕಿನ ಕಾಂತಶಕ್ತಿ ಬರುತ್ತದೆ. ಇದನ್ನು ಬಿಟ್ಟರೆ ಡೈನಮೋ ಉಲ್ಟಾ ಚಾರ್ಜ್ ಮಾಡಿ ರೆಗ್ಯುಲೇಟರಿನ ಪಾಯಿಂಟುಗಳು ಸುಡಬಹುದು.

ಬಣ್ಣ ಯಾವುದು ಎಂಬ ಪ್ರಶ್ನೆಗೆ ಟ್ರಕ್ಕೇ ಉತ್ತರ ಕೊಟ್ಟಿತು. ಮೇಲೆ ನೀಲಿ, ಅದರಡಿ ಕೆಂಪು, ಡ್ಯಾಶ್‌ಬೋರ್ಡಿನ ಹಿಂದೆ ಯಾರೂ ಮುಟ್ಟದ ಜಾಗದಲ್ಲಿ ಗಾಢ ಹಸಿರು. ಶೆವ್ರೊಲೆ ಇದನ್ನು ಫಾರೆಸ್ಟ್ ಗ್ರೀನ್ ಅನ್ನುತ್ತಿತ್ತು, ಆ ವರ್ಷಗಳಲ್ಲಿ ಟ್ರಕ್ಕುಗಳಿಗೆ ಮಾಮೂಲಾಗಿ ಬರುತ್ತಿದ್ದ ಬಣ್ಣ. ಬರಿಯ ಲೋಹಕ್ಕೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಅಗತ್ಯವಿದ್ದಲ್ಲಿ ಮಾತ್ರ ತೆಳು ಪುಟ್ಟಿ, ಆಮೇಲೆ ಬಣ್ಣ. ಐಸೊಸೈನೇಟ್ ಎಂಬ ಉಸಿರಿಗೆ ಕೆಟ್ಟ ರಾಸಾಯನಿಕ ಇರುವ ಎರಡು ಭಾಗದ ಬಣ್ಣ ಮನೆಯಲ್ಲಿ ಹೊಡೆಯುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಹೊರಗಿನಿಂದ ಗಾಳಿ ಕೊಡುವ ಮುಖವಾಡವೇ ಬೇಕು. ನಾನು ಸಾದಾ ಎನಾಮೆಲ್ ಹೊಡೆದೆ. ಗಾಜಿನಂಥ ಹೊಳಪು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಇದು ಹೊರೆ ಹೊರುವ ಗಾಡಿ.

ಹಿಂದೆ ಹೊರೆ ಹಾಕುವ ಜಾಗದ ನೆಲ ಮರದ ಹಲಗೆಗಳದು, ನಡುವೆ ಉಕ್ಕಿನ ಪಟ್ಟಿಗಳು. ಓಕ್ ಹಲಗೆ ಹಾಕಿದೆ, ಮಳೆಗೆ ಉಬ್ಬಲು ಜಾಗ ಇರಲಿ ಅಂತ ಪಟ್ಟಿಯ ಕೆಳಗೆ ಸಂದು ಬಿಟ್ಟು. ಅಡಿಭಾಗಕ್ಕೂ ಎಣ್ಣೆ ಕುಡಿಸಬೇಕು, ಕೊಳೆಯುವುದು ಅಲ್ಲಿಂದಲೇ.

ಇಂಜಿನ್ ಕೂರಿಸಿ ಟೈಮಿಂಗ್ ಹೊಂದಿಸುವಾಗ ಇನ್ನೊಂದು ಚೆಂದದ ಸಂಗತಿ ಸಿಕ್ಕಿತು. ಬೆಲ್ ಹೌಸಿಂಗಿನಲ್ಲಿ ಒಂದು ಸಣ್ಣ ಕಿಟಕಿ ಇದೆ. ಫ್ಲೈವೀಲಿನಲ್ಲಿ ಒಂದು ಪುಟ್ಟ ಉಕ್ಕಿನ ಗುಂಡನ್ನು ಒತ್ತಿ ಕೂರಿಸಿದ್ದಾರೆ. ಟೈಮಿಂಗ್ ಲೈಟ್ ಹಿಡಿದು ಆ ಗುಂಡು ಕಿಟಕಿಯ ಸೂಜಿಗೆ ನೇರವಾಗಿ ಬರುವ ಹಾಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಆಯಿತು. ಅದಕ್ಕೆ ಮೊದಲು ಡಿಸ್ಟ್ರಿಬ್ಯೂಟರಿನೊಳಗಿನ ಹೊಸ ಪಾಯಿಂಟಿಗೆ 0.018 ಇಂಚು ಸಂದು, ಪ್ಲಗ್ಗಿಗೆ 0.035. ಪ್ಲಗ್ ವೈರುಗಳ ಕ್ರಮ 1-5-3-6-2-4. ಜಿಡ್ಡಿನ ಅಡಿಯಲ್ಲಿ ಅಡಗಿದ್ದ ಆ ಗುಂಡಿಗೆ ನಾನು ಒಂದು ಚುಕ್ಕೆ ಬಿಳಿ ಬಣ್ಣ ಇಟ್ಟೆ. ಈಗ ಹಗಲಲ್ಲೂ ಕಾಣುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಚೇಂಬರಿನ ತೊಟ್ಟಿಗಳು ತುಂಬಿರಬೇಕು. ರಾಡುಗಳಿಗೆ ಮೊದಲ ಸುತ್ತಿನಿಂದಲೇ ಎಣ್ಣೆ ಬೇಕಲ್ಲ. ಪ್ಲಗ್ಗಿಲ್ಲದೆ, ಇಗ್ನಿಷನ್ ಇಲ್ಲದೆ ಮೀಟರಿನ ಮುಳ್ಳು ಏಳುವ ತನಕ ಸ್ಟಾರ್ಟರಿನಲ್ಲೇ ಸುತ್ತಿಸಿದೆ. ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು, ನೆಲದ ಮೇಲಿನ ಸ್ಟಾರ್ಟರ್ ಪೆಡಲನ್ನು ಕಾಲಲ್ಲಿ ಒತ್ತಿದೆ. ಇದರಲ್ಲಿ ಕಾಲೇ ಗೇರನ್ನು ಫ್ಲೈವೀಲಿಗೆ ತಳ್ಳುವುದು. ಇಂಜಿನ್ ಕೆಮ್ಮಿ, ಒಮ್ಮೆ ನಿಂತು, ಮತ್ತೆ ಹಿಡಿಯಿತು. ಬಿಳಿ ಹೊಗೆ ಶೆಡ್ಡು ತುಂಬಿತು. ಪ್ರೆಶರ್ ಮುಳ್ಳು 14ರ ಹತ್ತಿರ ಬಂದು ನಿಂತದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಮನೆಯವರೆಲ್ಲ ಹೊರಗೆ ಬಂದಿದ್ದರು.

ಇಂಜಿನ್ ಬಿಸಿಯಾದ ಮೇಲೆ, ಓಡುತ್ತಿರುವಾಗಲೇ ವಾಲ್ವಿನ ಸಂದು ಹೊಂದಿಸಿದೆ. ಇನ್‌ಟೇಕಿಗೆ 0.006 ಇಂಚು, ಎಕ್ಸಾಸ್ಟಿಗೆ 0.013. ಕೈಗೆ ಬಿಸಿ ಎಣ್ಣೆ ಸಿಡಿಯುತ್ತದೆ, ಆದರೂ ಒಂದೊಂದಾಗಿ ಕಟಕಟ ಸದ್ದು ಅಡಗುತ್ತಾ ಹೋಗುವುದನ್ನು ಕೇಳುವುದೇ ಒಂದು ಸಂತೋಷ.

ರಸ್ತೆಯಲ್ಲಿ ಇದಕ್ಕೆ ಅದರದೇ ವೇಗ ಇದೆ. ಹಿಂದಿನ ಆಕ್ಸಲ್ಲಿನ ಅನುಪಾತ 4.11, ಅಂದರೆ ಚಕ್ರ ಒಮ್ಮೆ ಸುತ್ತಲು ಅದನ್ನು ತಿರುಗಿಸುವ ಶಾಫ್ಟು 4.11 ಸುತ್ತು ಸುತ್ತಬೇಕು. ಗಂಟೆಗೆ 80 ಕಿಲೋಮೀಟರಿಗೆ ಇಂಜಿನ್ ಸುಮಾರು 2,500 ಸುತ್ತು ತಿರುಗುತ್ತಿರುತ್ತದೆ. ಪಿಸ್ಟನ್ನುಗಳು ಎರಕದ ಕಬ್ಬಿಣದವು, ಭಾರ ಜಾಸ್ತಿ. ಸೌಟಿನಲ್ಲಿ ಎಣ್ಣೆ ಕುಡಿಯುವ ಬೇರಿಂಗುಗಳಿಗೆ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ನಾನು 70ರಲ್ಲೇ ಓಡಿಸುತ್ತೇನೆ. ಏರು ಹತ್ತುವಾಗ ವೈಪರ್ ನಿಧಾನವಾಗುತ್ತದೆ, ಯಾಕೆಂದರೆ ಅದು ಓಡುವುದೇ ಇಂಜಿನ್ನಿನ ವ್ಯಾಕ್ಯೂಮಿನಿಂದ. ಮಳೆಯಲ್ಲಿ ಏರು ಸಿಕ್ಕರೆ ಒಂದು ಕ್ಷಣ ಆಕ್ಸಿಲರೇಟರ್ ಸಡಿಲಿಸಿದರೆ ವೈಪರ್ ಮತ್ತೆ ಚುರುಕಾಗುತ್ತದೆ.

ಈಗ ಬಾಕಿ ಇರುವುದು ಮುಂದಿನ ಕಿಂಗ್‌ಪಿನ್ನುಗಳು, ಅಂದರೆ ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗುವ ಗೂಟಗಳು. ಜ್ಯಾಕ್ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಎಡಗಡೆ ಸ್ವಲ್ಪ ಆಟ ಇದೆ. ಹೊಸ ಪಿನ್ನು, ಬುಶ್ಶು ಬಂದಿವೆ. ಬುಶ್ ಒತ್ತಿ ಕೂರಿಸಿದ ಮೇಲೆ ಮೇಲಿನದೂ ಕೆಳಗಿನದೂ ಒಂದೇ ನೇರಕ್ಕೆ ಬರುವ ಹಾಗೆ ರೀಮ್ ಮಾಡಬೇಕು, ಅಂದರೆ ಒಳಗಿನ ತೂತನ್ನು ಅಳತೆಗೆ ಕೆರೆದು ನುಣುಪು ಮಾಡಬೇಕು. ಅದಕ್ಕೆ ಉದ್ದ ಪೈಲಟ್ ಇರುವ ರೀಮರ್ ಬೇಕು, ಒಬ್ಬ ಗೆಳೆಯ ಕೊಡುತ್ತೇನೆ ಅಂದಿದ್ದಾನೆ. ಅಲ್ಲಿಯವರೆಗೆ ಗ್ರೀಸು ಒತ್ತಿ, ದೂರ ಹೋಗದೆ, ಹತ್ತಿರದ ರಸ್ತೆಗಳಲ್ಲೇ ಓಡಿಸುತ್ತಿದ್ದೇನೆ.